ಹಾಡು ಬದಲಾಯಿತು, ಬೆರಳು ಬದಲಾಯಿತೇ?

ಹಾಡಿನ ತಾಳಕ್ಕೆ ಸರಿಯಾಗಿ ಒತ್ತುವ ಯಾವುದೇ ರಿದಂ ಗೇಮಿನ ಎರಡನೇ ಭಾಗವೋ ಮೂರನೇ ಭಾಗವೋ ಬಂದಾಗ ನಮ್ಮ ಬಳ್ಳಾರಿ ಕಡೆ ಕೇಳಿಬರುವ ದೂರು ಒಂದೇ: "ಹಳೇ ಆಟಕ್ಕ ಹೊಸ ಹಾಡು ಹಾಕ್ಯಾರ, ಅಷ್ಟ. ಇದಕ್ಕ ಮತ್ಯಾಕ ರೊಕ್ಕ ಕೊಡಬೇಕು?" ವರ್ಷಕ್ಕೊಮ್ಮೆ ಬರುವ ಕ್ರಿಕೆಟ್, ಫುಟ್‌ಬಾಲ್ ಗೇಮುಗಳ ಮೇಲೂ ಈ ದೂರು ಇದೆ. ಆದರೆ ಅಲ್ಲಿ ಆಟಗಾರರ ಹೆಸರು ಬದಲಾದರೂ ಕೈ ಮಾಡುವ ಕೆಲಸ ಹಾಗೇ ಉಳಿಯುತ್ತದೆ. ರಿದಂ ಗೇಮಿನಲ್ಲಿ ಹಾಡು ಬದಲಾದ ಕೂಡಲೇ ಬೆರಳು ಮಾಡಬೇಕಾದ ಕೆಲಸವೂ ಅಷ್ಟಿಷ್ಟು ಬದಲಾಗುತ್ತದೆ. ಆ ಅಷ್ಟಿಷ್ಟು ಎಷ್ಟು ಎನ್ನುವುದರಲ್ಲೇ ಜಗಳ ಇರುವುದು. ಎದುರು ಪಕ್ಷದವರು ಹಾಡೇ ಆಟ, ಹಾಡು ಹೊಸದಾದರೆ ಆಟವೂ ಹೊಸದು ಎನ್ನುತ್ತಾರೆ. ಎರಡೂ ಕಡೆಯವರು ನೋಡುತ್ತಿರುವುದು ಹಾಡನ್ನೇ, ಹಾಗಾಗಿ ವಾದ ಮುಗಿಯುವುದಿಲ್ಲ.

ಹಾಡು ಮೇಲಿನ ಪದರ ಮಾತ್ರ. ಅದರ ಕೆಳಗೆ ಚಾರ್ಟ್ ಇದೆ: ಹಾಡಿನ ಯಾವ ಕ್ಷಣಕ್ಕೆ, ಯಾವ ಸಾಲಿನಲ್ಲಿ, ಯಾವ ಬಗೆಯ ನೋಟ್ (ಒತ್ತಬೇಕಾದ ಗುರುತು) ಬರಬೇಕು ಎಂಬ ಪಟ್ಟಿ. ಒಂದೇ ಹಾಡಿಗೆ ಇಬ್ಬರು ಚಾರ್ಟ್ ಬರೆದರೆ ಒಬ್ಬರು ಡ್ರಮ್ ಹಿಡಿಯಬಹುದು, ಇನ್ನೊಬ್ಬರು ಗಾಯಕರ ಉಸಿರು ಹಿಡಿಯಬಹುದು. ಚಾರ್ಟಿನ ಕೆಳಗೆ ಟೈಮಿಂಗ್ ವಿಂಡೊ: ಸರಿಯಾದ ಕ್ಷಣದಿಂದ ಎಷ್ಟು ಹಿಂದೆ, ಎಷ್ಟು ಮುಂದೆ ಒತ್ತಿದರೂ ಆಟ ಒಪ್ಪಿಕೊಳ್ಳುತ್ತದೆ ಎಂಬ ಲೆಕ್ಕ. ಎಲ್ಲಕ್ಕಿಂತ ಕೆಳಗೆ ಕೈಗೋ ಕಾಲಿಗೋ ಸಿಗುವ ಸಾಧನ: ಗಾಜಿನ ಪರದೆ, ಕೀಬೋರ್ಡ್, ಪ್ಲಾಸ್ಟಿಕ್ ಗಿಟಾರ್, ಕಾಲ್ಮಣೆ. ಮೇಲಿನ ಪದರವನ್ನಷ್ಟೇ ಬದಲಿಸಿದ ಸೀಕ್ವೆಲ್ (ಮುಂದಿನ ಭಾಗ) ಬರೀ ಹಾಡಿನ ಕಟ್ಟು. ಕೆಳಗಿನ ಪದರ ಕದಲಿ, ಕಲಿತದ್ದರಲ್ಲಿ ಏನನ್ನಾದರೂ ಕೈ ಮರೆಯಬೇಕಾಗಿ ಬಂದರೆ ಅದು ಹೊಸ ಆಟ. ಈ ಬರಹದ ವಾದ ಇಷ್ಟೇ, ಮುಂದಿನದೆಲ್ಲ ಅದನ್ನು ಅಳೆಯುವ ಬಗೆ.

ಟೈಮಿಂಗ್ ವಿಂಡೊ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಅದರ ಅಂಕಿ ಗೊತ್ತಿದ್ದರೆ ಒಳ್ಳೆಯದು. ಸ್ಟೆಪ್‌ಮೇನಿಯಾ ಎಂಬ ಉಚಿತ ಪಿಸಿ ಆಟದ ಮಾಮೂಲಿ ಮಟ್ಟದಲ್ಲಿ ಅತಿ ಮೇಲಿನ ತೀರ್ಪು ಬೇಕೆಂದರೆ ಹಿಂದೆಮುಂದೆ 22.5 ಮಿಲಿಸೆಕೆಂಡಿನೊಳಗೆ ಒತ್ತಬೇಕು. ಅದರ ಕೆಳಗಿನದಕ್ಕೆ 45, ಆಮೇಲೆ 90, ಆಮೇಲೆ 135. 2007ರಲ್ಲಿ ಬಂದ ಓಸು! ಎಂಬ ಪಿಸಿ ಆಟದಲ್ಲಿ ಪ್ರತಿ ಮ್ಯಾಪಿಗೂ (ಚಾರ್ಟಿಗೆ ಅಲ್ಲಿಯ ಹೆಸರು) ವಿಂಡೊ ಎಷ್ಟು ಬಿಗಿ ಎಂದು ಹೇಳುವ ಓಡಿ ಎಂಬ ಸಂಖ್ಯೆ ಇರುತ್ತದೆ. 80ರಿಂದ ಓಡಿಯ ಆರು ಪಟ್ಟನ್ನು ಕಳೆದರೆ ಅಲ್ಲಿಯ ಮೇಲಿನ ತೀರ್ಪಾದ 300 ಅಂಕದ ವಿಂಡೊ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ಓಡಿ 5 ಇದ್ದರೆ 50 ಮಿಲಿಸೆಕೆಂಡು, 8 ಇದ್ದರೆ 32, 10 ಇದ್ದರೆ ಬರೀ 20. ಈಗ ಹಾಡಿನ ಲೆಕ್ಕ ನೋಡಿ. 120 ಬಿಪಿಎಂ (ನಿಮಿಷಕ್ಕೆ ಬೀಳುವ ಬೀಟುಗಳ ಎಣಿಕೆ) ಹಾಡಿನಲ್ಲಿ ಒಂದು ಬೀಟಿಗೆ 500 ಮಿಲಿಸೆಕೆಂಡು, ಕಾಲು ಬೀಟಿಗೆ 125. 180 ಬಿಪಿಎಂ ಆದರೆ ಕಾಲು ಬೀಟು 83ಕ್ಕೆ ಇಳಿಯುತ್ತದೆ. ವಿಂಡೊ ಹಿಂದೆಮುಂದೆ 90 ಇದ್ದು ನೋಟುಗಳ ನಡುವೆ 83 ಮಾತ್ರ ಇದ್ದರೆ ಒಂದರ ಬಾಗಿಲು ಮುಚ್ಚುವ ಮೊದಲೇ ಮುಂದಿನದು ತೆರೆದಿರುತ್ತದೆ. ಸುಮ್ಮನೆ ಬಡಿಯುತ್ತಾ ಹೋದರೂ ಏನೋ ಒಂದು ಅಂಕ ಬೀಳುತ್ತದೆ. ಅದೇ ಚಾರ್ಟನ್ನು 20ರ ವಿಂಡೊದಲ್ಲಿ ಇಟ್ಟರೆ ಬಡಿಯುವವನ ಕಾಂಬೊ (ತಪ್ಪಿಲ್ಲದೆ ಸಾಗಿದ ಸಾಲು) ಹತ್ತು ನೋಟಿಗೆ ಮುರಿಯುತ್ತದೆ. ಹಾಡಿನಲ್ಲಿ ಒಂದಕ್ಷರ ಬದಲಾಗಿಲ್ಲ, ಚಾರ್ಟಿನಲ್ಲಿ ಒಂದು ನೋಟ್ ಕದಲಿಲ್ಲ.

ಈ ಪದರಗಳನ್ನು ಬಿಡಿಸಿ ನೋಡಲು ಪ್ಲಾಸ್ಟಿಕ್ ಗಿಟಾರಿನ ಬಟನ್ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಮೀಟಿ ಆಡುವ ಗಿಟಾರ್ ಹೀರೋ ಸರಣಿಯಷ್ಟು ಅನುಕೂಲದ್ದು ಬೇರೆ ಇಲ್ಲ, ಏಕೆಂದರೆ ಅದನ್ನು ಬಗೆಬಗೆಯಲ್ಲಿ ಮಾರಿ ನೋಡಿದ್ದಾರೆ. ಮೊದಲನೆಯದು 2005ರ ನವೆಂಬರಿನಲ್ಲಿ ಬಂತು, ಎರಡನೆಯದು 2006ರ ನವೆಂಬರಿನಲ್ಲಿ. 2007ರ ಜುಲೈನಲ್ಲಿ ಎಂಬತ್ತರ ದಶಕದ 30 ಹಾಡುಗಳ ಒಂದು ಡಿಸ್ಕ್ ಬಂತು. ಒಳಗಿನ ಯಂತ್ರವೆಲ್ಲ ಗಿಟಾರ್ ಹೀರೋ 2ರದ್ದೇ. ಹಾಡುಗಳೆಲ್ಲ ಸರಣಿಗೆ ಹೊಸವು, ಬೆರಳಿಗೆ ಹೊಸದೇನೂ ಇಲ್ಲ. 2009ರ ಗಿಟಾರ್ ಹೀರೋ ಸ್ಮ್ಯಾಶ್ ಹಿಟ್ಸ್ ಇದಕ್ಕೆ ತಿರುಗುಮುರುಗು: ಅದರ 48 ಹಾಡುಗಳೂ ಹಿಂದಿನ ಭಾಗಗಳಲ್ಲಿ ಬಂದು ಹೋಗಿದ್ದವು. ಆದರೆ ಡ್ರಮ್, ಬೇಸ್, ಹಾಡುಗಾರಿಕೆ ಎಲ್ಲ ಸೇರಿಸಿ ಚಾರ್ಟುಗಳನ್ನು ಹೊಸದಾಗಿ ಬರೆದಿದ್ದರು. ಹಾಡು ಎಣಿಸುವವರಿಗೆ ಮೊದಲಿನದು ಹೊಸ ಆಟ, ಎರಡನೆಯದು ಮೋಸ. ನಮ್ಮ ಲೆಕ್ಕದಲ್ಲಿ ಎಂಬತ್ತರ ಡಿಸ್ಕು ಹಾಡಿನ ಕಟ್ಟು, ಸ್ಮ್ಯಾಶ್ ಹಿಟ್ಸ್ ಅರೆಹೊಸ ಆಟ. ಡ್ರಮ್ ಮುಂದೆ ಕೂತವರಿಗಂತೂ ಪೂರ್ತಿ ಹೊಸದು.

ಮೊದಲ ಭಾಗದಿಂದ ಎರಡನೆಯದಕ್ಕೆ ಆದ ಬದಲಾವಣೆ ಇನ್ನೂ ಸೂಕ್ಷ್ಮ. ಹ್ಯಾಮರ್-ಆನ್ ಎಂದರೆ ಮೊದಲ ನೋಟಿಗೆ ಮಾತ್ರ ಮೀಟಿ, ಮುಂದಿನವನ್ನು ಮೀಟದೆ ಬೆರಳಿನಿಂದಲೇ ಒತ್ತುವುದು. ಮೊದಲ ಭಾಗದಲ್ಲಿ ಇದರ ಸಮಯ ತೀರ ಬಿಗಿ. ಹಾಗಾಗಿ ಬಹಳ ಜನ ಅದರ ಗೊಡವೆಗೇ ಹೋಗದೆ ಪ್ರತಿ ನೋಟಿಗೂ ಮೀಟುತ್ತಿದ್ದರು. ಎರಡನೆಯದರಲ್ಲಿ ಅದನ್ನು ಸಡಿಲಿಸಿದರು. ಜೊತೆಗೆ ಮೂರು ಬೆರಳಿನ ಕಾರ್ಡ್ (ಒಟ್ಟಿಗೇ ಒತ್ತುವ ನೋಟುಗಳು) ಬಂತು, ಹಾಡಿನ ಒಂದು ತುಂಡನ್ನು ನಿಧಾನ ಮಾಡಿಕೊಂಡು ತಿದ್ದುವ ಅಭ್ಯಾಸದ ಮೋಡ್ ಬಂತು. ವೇಗದ ಸೋಲೊಗಳನ್ನು ಮೀಟದೆ ಆಡಲಾಗುತ್ತದೆ ಎಂದಾದ ಮೇಲೆ, ಪ್ರತಿ ನೋಟಿಗೂ ಮೀಟುವ ಹಳೆಯ ರೂಢಿಯನ್ನು ಬಲಗೈ ಬಿಡಬೇಕಾಯಿತು. ಪೆಟ್ಟಿಗೆಯ ಮೇಲೆ ಯಾರೂ ದೊಡ್ಡದಾಗಿ ಅಚ್ಚು ಹಾಕದ ಈ ಸಡಿಲಿಕೆಯೇ ಎರಡನೆಯದನ್ನು ಹೊಸ ಆಟ ಮಾಡಿದ್ದು.

ಆದರೆ ಇದರಲ್ಲಿ ನಮ್ಮ ಊರುಗಳಿಗೆ ಮಾತ್ರ ಅನ್ವಯಿಸುವ ಒಂದು ತಮಾಷೆ ಇದೆ. ಪ್ಲಾಸ್ಟಿಕ್ ಗಿಟಾರ್ ಇಲ್ಲಿ ಸಿಗುವುದೇ ಅಪರೂಪ. ಪ್ಲೇಸ್ಟೇಶನ್ 2 ಇದ್ದವರು ಆಡಿದ್ದು ಮಾಮೂಲಿ ಪ್ಯಾಡಿನಲ್ಲಿ. ಪ್ಯಾಡಿನಲ್ಲಿ ಭುಜದ ಬಟನ್‌ಗಳೇ ಫ್ರೆಟ್ (ಗಿಟಾರಿನಲ್ಲಿ ಬೆರಳೊತ್ತುವ ಜಾಗ), ಒತ್ತಿದರೆ ಆಯಿತು, ಮೀಟುವ ಕೆಲಸವೇ ಇಲ್ಲ. ಮೀಟುವುದೇ ಇಲ್ಲದ ಮೇಲೆ ಹ್ಯಾಮರ್-ಆನ್ ಬಿಗಿಯಾದರೇನು, ಸಡಿಲಾದರೇನು? ಅಮೆರಿಕದ ಗಿಟಾರ್‌ವಾಲನಿಗೆ ಹೊಸ ಆಟವಾದದ್ದು ಕೊಪ್ಪಳದ ಪ್ಯಾಡ್‌ವಾಲನಿಗೆ ಹಾಡಿನ ಕಟ್ಟಾಗಿಯೇ ಉಳಿಯುತ್ತದೆ. "ಹೊಸ ಹಾಡು ಹಾಕ್ಯಾರ, ಅಷ್ಟ" ಎಂಬ ದೂರು ನಮ್ಮಲ್ಲಿ ಇಷ್ಟು ಗಟ್ಟಿಯಾಗಿರುವುದಕ್ಕೆ ಇದೂ ಒಂದು ಕಾರಣ ಇರಬೇಕು. ಅವರ ಕೈಗೆ ಸಿಕ್ಕದ್ದನ್ನು ಅವರು ಸರಿಯಾಗಿಯೇ ಅಳೆದಿದ್ದಾರೆ. ಹೊಸದೋ ಹಳೆಯದೋ ಎಂಬ ಉತ್ತರ ಡಿಸ್ಕಿನ ಮೇಲೆ ಮಾತ್ರ ನಿಂತಿಲ್ಲ, ಯಾವುದರಲ್ಲಿ ಆಡುತ್ತೀರಿ ಎಂಬುದರ ಮೇಲೂ ನಿಂತಿದೆ.

ಹೆಸರನ್ನಂತೂ ನಂಬಲೇಬಾರದು. 2007ರ ಅಕ್ಟೋಬರಿನಲ್ಲಿ ಗಿಟಾರ್ ಹೀರೋ 3 ಬಂತು, ಮಾಡಿದ್ದು ನೆವರ್‌ಸಾಫ್ಟ್. ಮೊದಲೆರಡನ್ನು ಮಾಡಿದ್ದ ಹಾರ್ಮೋನಿಕ್ಸ್ ಮರುತಿಂಗಳೇ ರಾಕ್ ಬ್ಯಾಂಡ್ ಎಂಬ ಹೊಸ ಹೆಸರಿನಲ್ಲಿ ಬಂತು. ಹಳೆಯ ಹೆಸರು ಹೊಸಬರ ಕೈಯಲ್ಲಿ, ಹಳೆಯ ಕೈ ಹೊಸ ಹೆಸರಿನಲ್ಲಿ. ಮೂರನೆಯದರ ವಿಂಡೊ ಎರಡನೆಯದಕ್ಕಿಂತ ಅಗಲ. ಎರಡನೆಯದನ್ನು ಅರೆದು ಕುಡಿದವರಿಗೆ ಅದು ಸಲೀಸು ಎನ್ನಿಸುತ್ತದೆ, ಮೂರರಿಂದ ಎರಡಕ್ಕೆ ಹಿಂತಿರುಗಿದವರಿಗೆ ತಾವು ಕೆಟ್ಟದಾಗಿ ಆಡುತ್ತಿದ್ದೇವೆ ಎನ್ನಿಸುತ್ತದೆ. ಪರೀಕ್ಷಿಸಬೇಕೆಂದರೆ ಪಿಸಿಯಲ್ಲಿ ಉಚಿತವಾಗಿ ಸಿಗುವ ಕ್ಲೋನ್ ಹೀರೋ ಇದೆ. ಬೇರೆಬೇರೆ ಭಾಗಗಳ ಚಾರ್ಟುಗಳನ್ನು ಅದರಲ್ಲಿ ಹಾಕಿ ಆಡಿದರೆ ವಿಂಡೊ ಒಂದೇ ಆಗಿಬಿಡುತ್ತದೆ, ಭಾಗಗಳ ನಡುವಿನ ವ್ಯತ್ಯಾಸದಲ್ಲಿ ಒಂದು ದೊಡ್ಡ ಪಾಲು ಅಲ್ಲೇ ಕರಗುತ್ತದೆ.

ಜಪಾನಿನ ಕೊನಾಮಿಯವರ ಲೆಕ್ಕ ಇನ್ನೂ ನೇರ. 1997ರ ಬೀಟ್‌ಮೇನಿಯಾದಲ್ಲಿ ಐದು ಕೀಲಿ, ಒಂದು ತಿರುಗುತಟ್ಟೆ. 1999ರಲ್ಲಿ ಏಳು ಕೀಲಿಯ ಬೀಟ್‌ಮೇನಿಯಾ ಟು ಡಿಎಕ್ಸ್ ಬಂತು. ಐದು ಕೀಲಿಗೆ ಕೂತ ಬೆರಳಿಗೆ ಏಳು ಕೀಲಿ ಎಂದರೆ ಬೆರಳಿನ ಜಾಗಗಳನ್ನೇ ಹೊಸದಾಗಿ ಹಂಚಬೇಕು, ಅದು ನಿಸ್ಸಂಶಯವಾಗಿ ಹೊಸ ಆಟ. ಅಲ್ಲಿಂದಾಚೆ ಅದೇ ಏಳು ಕೀಲಿಯ ಮೇಲೆ 30ಕ್ಕೂ ಹೆಚ್ಚು ಆವೃತ್ತಿಗಳು ಬಂದಿವೆ. ಪ್ರತಿಯೊಂದನ್ನೂ ಹೊಸ ಆಟ ಎಂದು ಅಲ್ಲಿಯ ಆಟಗಾರರೂ ಎಣಿಸುವುದಿಲ್ಲ. ಕಾಲ್ಮಣೆಯ ಬಾಣಗಳನ್ನು ತುಳಿದು ಆಡುವ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಶನ್ (ಡಿಡಿಆರ್) 1998ರದು. 2001ರ ಡಿಡಿಆರ್‌ಮ್ಯಾಕ್ಸ್‌ನಲ್ಲಿ ಬಾಣದ ಮೇಲೆ ಕಾಲು ಊರಿ ಹಿಡಿಯುವ ಫ್ರೀಜ್ ಬಾಣ ಸೇರಿತು. ನಾಲ್ಕು ಬಾಣ ಹಾಗೇ ಇದ್ದರೂ ಒಂದು ಕಾಲು ಕಟ್ಟಿಹಾಕಿದಂತಾಗಿ ಇನ್ನೊಂದೇ ಕಾಲಿನಿಂದ ಉಳಿದದ್ದನ್ನು ತುಳಿಯಬೇಕಾಯಿತು. ಮೈಭಾರ ಹಂಚಿಕೊಳ್ಳುವ ಬಗೆ ಬದಲಾಯಿತು.

ರಾಯಚೂರು ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮುದಗಲ್ಲಿನ ಮೊಹರಂನಲ್ಲೋ ಸುತ್ತಲ ಹಳ್ಳಿಯ ಅಲಾಯಿ ಕುಣಿಯ (ಮೊಹರಂ ಬೆಂಕಿಯ ಗುಂಡಿ) ಮುಂದೋ ಹೆಜ್ಜೆ ಹಾಕಿದವರಿಗೆ ಗೊತ್ತು: ರಿವಾಯತ್ ಪದ (ಮೊಹರಂ ಹಾಡು) ಹೊಸದು ಕಟ್ಟಿ ತಂದರೂ ಹಲಗಿಯ ಪೆಟ್ಟು ಅದೇ ಇದ್ದರೆ ಕಾಲು ತಾನಾಗಿ ಕೂಡುತ್ತದೆ. ಪದ ಹಳೆಯದೇ ಇದ್ದು ಹಲಗಿಯವರು ಪೆಟ್ಟು ತಿರುಗಿಸಿದರೆ ಇಡೀ ಸಾಲು ತಡವರಿಸುತ್ತದೆ.

ಹಳೆಯ ಭಾಗ, ಹೊಸ ಭಾಗ ಎರಡನ್ನೂ ಫೋನಿನಲ್ಲಿ ಆಡಿ ಬೆರಳಿಗೆ ಹೊಸದೇನಿದೆ ಎಂದು ಪರೀಕ್ಷೆ ಮಾಡುವವರು ಮೊದಲು ಫೋನನ್ನೇ ಅನುಮಾನಿಸಬೇಕು. ಹೊಸ ಆಟ ಕಷ್ಟ ಎನ್ನಿಸುವುದಕ್ಕೆ ಅರ್ಧ ಕಾರಣ ಆಟದ್ದಲ್ಲ. ಬ್ಲೂಟೂತ್ ಇಯರ್‌ಫೋನ್ ಮಾಮೂಲಿ ಎಸ್‌ಬಿಸಿ ಕೋಡೆಕ್ಕಿನಲ್ಲಿ (ಸದ್ದನ್ನು ಕುಗ್ಗಿಸಿ ಕಳಿಸುವ ಬಗೆ) 150ರಿಂದ 250 ಮಿಲಿಸೆಕೆಂಡು ತಡ ಮಾಡುವುದು ಸಾಮಾನ್ಯ. 32ರ ವಿಂಡೊ ಇರುವ ಕಡೆ ಅದು ಎಲ್ಲೋ ಹೋಯಿತು. ಆಫ್‌ಸೆಟ್ (ತಡವನ್ನು ಸರಿದೂಗಿಸುವ ಅಂಕಿ) ಹೊಂದಿಸಿ ಹಾಡನ್ನೂ ನೋಟನ್ನೂ ಕೂಡಿಸಬಹುದು, ಆದರೆ ಬೆರಳು ತಾಗಿದಾಗ ಬರುವ ಟಪ್ ಸದ್ದು ಮಾತ್ರ ತಡವಾಗಿಯೇ ಕೇಳುತ್ತದೆ. ಆ ತಡದ ಸದ್ದಿಗೆ ಕಿವಿ ಕೊಟ್ಟ ಬೆರಳು ಮೆಲ್ಲಗೆ ಮುಂದೆ ಓಡತೊಡಗುತ್ತದೆ. ಬ್ಲೂಟೂತೇ ಗತಿ ಎಂದಾದರೆ ಆ ಸದ್ದನ್ನು ಸೆಟ್ಟಿಂಗ್ಸಿನಲ್ಲಿ ಆಫ್ ಮಾಡಿ. ತಂತಿಯ ಇಯರ್‌ಫೋನ್ ಉತ್ತಮ. ಫೋನಿಗೆ ತೂತೇ ಇಲ್ಲದಿದ್ದರೆ ಟೈಪ್-ಸಿಗೆ ಸಿಕ್ಕಿಸುವ ಚಿಕ್ಕ ಅಡಾಪ್ಟರ್ ಸಾಕು.

ಆಮೇಲೆ ಬಿಸಿಲು. ಏಪ್ರಿಲ್, ಮೇನಲ್ಲಿ ರಾಯಚೂರಿನ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಫೋನು ಮೂರ್ನಾಲ್ಕು ಹಾಡಿಗೇ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ (ಪರದೆಯ ಮೇಲೆ ಮೂಡುವ ಒಂದು ಚಿತ್ರಕ್ಕೆ) 16.7 ಮಿಲಿಸೆಕೆಂಡು, 120 ಹರ್ಟ್ಸಿನಲ್ಲಿ 8.3. ಎರಡು ಫ್ರೇಮ್ ಬಿದ್ದುಹೋದರೆ 60ರ ಪರದೆಯಲ್ಲಿ 33 ಮಿಲಿಸೆಕೆಂಡು ಕೈಬಿಟ್ಟಂತೆ. ಕವರ್ ತೆಗೆದಿಡಿ, ಬ್ಯಾಟರಿ ಸೇವರ್ ಆಫ್ ಮಾಡಿ (ಬಹಳ ಫೋನುಗಳಲ್ಲಿ ಅದು 120ನ್ನು ಸದ್ದಿಲ್ಲದೆ 60ಕ್ಕೆ ಇಳಿಸುತ್ತದೆ), ಹೋಲಿಕೆಯ ಆಟವನ್ನು ಬೆಳಗಿನ ಹೊತ್ತು ಆಡಿ. ಚಾರ್ಜಿಗೆ ಹಾಕಿಕೊಂಡು ಆಡಬೇಡಿ: ಬಿಸಿಯಾಗುವುದು ಒಂದು ಕಡೆ, ಅಗ್ಗದ ಚಾರ್ಜರಿನ ವಿದ್ಯುತ್ ಗದ್ದಲ ಪರದೆಯೊಳಗೆ ಹೊಕ್ಕು ಮುಟ್ಟದ ಕಡೆ ಮುಟ್ಟಿದಂತೆ ತೋರಿಸುತ್ತದೆ, ಒತ್ತಿ ಹಿಡಿಯಬೇಕಾದ ಉದ್ದದ ಹೋಲ್ಡ್ ನೋಟುಗಳು ನಡುವೆಯೇ ಕಡಿಯುತ್ತವೆ. ಬೆವರಿನ ಬೆರಳೂ ಇದೇ ಕಾಟ ಕೊಡುತ್ತದೆ. ಒಣ ಹತ್ತಿ ಬಟ್ಟೆ ಪಕ್ಕಕ್ಕಿರಲಿ, ಇಲ್ಲವೇ ಶೂಟಿಂಗ್ ಗೇಮಿನವರು ಬೆರಳಿಗೆ ಹಾಕಿಕೊಳ್ಳುವ ತೆಳು ಚೀಲ ತನ್ನಿ. ಪೌಡರ್ ಹಚ್ಚುವವರಿದ್ದಾರೆ, ಕೆಲಸ ಮಾಡುತ್ತದೆ, ಆದರೆ ಸ್ಪೀಕರಿನ ಜಾಲರಿ ಕಟ್ಟಿಕೊಳ್ಳುತ್ತದೆ. ಅಂಚು ಎದ್ದ ಸ್ಕ್ರೀನ್ ಗಾರ್ಡ್ ಇದ್ದರೆ ಬದಿಯ ನೋಟುಗಳೇ ತಪ್ಪುತ್ತಿರುತ್ತವೆ, ಚಾರ್ಟನ್ನು ಬೈಯುವ ಮೊದಲು ಅದನ್ನು ನೋಡಿ.

ಇಷ್ಟಾದ ಮೇಲೆ ಕ್ಯಾಲಿಬ್ರೇಶನ್ (ತಡ ಅಳೆದು ಆಫ್‌ಸೆಟ್ ಹೊಂದಿಸುವುದು), ಎರಡೂ ಆಟಗಳಲ್ಲಿ ಬೇರೆಬೇರೆಯಾಗಿ. 100ರಿಂದ 120 ಬಿಪಿಎಂನ, ಡ್ರಮ್ ಸ್ಪಷ್ಟವಾಗಿ ಕೇಳುವ ಹಾಡೊಂದನ್ನು ಸುಲಭ ಮಟ್ಟದಲ್ಲಿ ಆಡಿ, ಕೊನೆಗೆ ಬೇಗ ಒತ್ತಿದ್ದೆಷ್ಟು, ತಡವಾಗಿ ಒತ್ತಿದ್ದೆಷ್ಟು ಎಂದು ನೋಡಿ. ಒಂದು ಕಡೆಗೇ ವಾಲಿದ್ದರೆ ಆಫ್‌ಸೆಟ್ಟನ್ನು 10 ಮಿಲಿಸೆಕೆಂಡು ಸರಿಸಿ. ಪ್ಲಸ್ ಎಂದರೆ ಯಾವ ಕಡೆ ಎಂಬುದು ಆಟದಿಂದ ಆಟಕ್ಕೆ ಬೇರೆ, ಹಾಗಾಗಿ ಮೊದಲ ಸಲ ಸರಿಸಿದಾಗ ವಾಲುವಿಕೆ ಹೆಚ್ಚಾದರೆ ಎದುರು ಕಡೆ ಹೋಗಿ. ಹತ್ತಿರ ಬಂದ ಮೇಲೆ 5ರಂತೆ ಸರಿಸಿ. ಎರಡೂ ಎಣಿಕೆ ಹೆಚ್ಚುಕಡಿಮೆ ಸಮವಾದಾಗ ನಿಲ್ಲಿಸಿ, ಆ ಅಂಕಿಯನ್ನು ಬರೆದಿಡಿ. ಅಪ್ಡೇಟ್ ಬಂದಾಗ ಅದು ಸೊನ್ನೆಗೆ ಹೋದರೆ ಮತ್ತೆ ಹುಡುಕುವ ಕೆಲಸ ತಪ್ಪುತ್ತದೆ.

ಈಗ ಹೋಲಿಕೆ. ಎರಡರಲ್ಲೂ ಒಂದೇ ಹಾಡು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬಿಪಿಎಂ ಹತ್ತಿರ ಇರುವ ಎರಡು ಹಾಡು ಆರಿಸಿ, ಒಟ್ಟು ನೋಟುಗಳನ್ನು ಹಾಡಿನ ಸೆಕೆಂಡುಗಳಿಂದ ಭಾಗಿಸಿ ದಟ್ಟಣೆಯನ್ನೂ ಹೊಂದಿಸಿ. ಎರಡು ನಿಮಿಷಕ್ಕೆ 600 ನೋಟ್ ಎಂದರೆ ಸೆಕೆಂಡಿಗೆ ಐದು. ನೋಟು ಇಳಿಯುವ ವೇಗವನ್ನೂ ಸಮ ಮಾಡಿ, ಇಲ್ಲದಿದ್ದರೆ ಕಣ್ಣಿನ ತಡವರಿಕೆಯನ್ನು ಬೆರಳಿನದೆಂದು ತಿಳಿಯುತ್ತೀರಿ. ಪ್ರತಿಯೊಂದನ್ನೂ ಮೂರು ಸಲ ಆಡಿ. ಅಂಕ ನೋಡಬೇಡಿ, ತಪ್ಪು ಎಲ್ಲಿ ಬಿತ್ತು ನೋಡಿ. ಸ್ಕ್ರೀನ್ ರೆಕಾರ್ಡಿಂಗ್ ಹಾಕಿಕೊಂಡರೆ ಸುಲಭ, ಆದರೆ ಫೋನು ಹಳೆಯದಾದರೆ ಆ ರೆಕಾರ್ಡಿಂಗೇ ಫ್ರೇಮು ತಿನ್ನುತ್ತದೆ. ಅಂಥವರು ಪಕ್ಕದವರ ಫೋನಿನಲ್ಲಿ ವಿಡಿಯೊ ತೆಗೆಸಿಕೊಳ್ಳಲಿ. ತಪ್ಪುಗಳು ಹಾಡಿನುದ್ದಕ್ಕೂ ಚೆಲ್ಲಾಡಿದ್ದರೆ ಅದು ಚಾರ್ಟ್ ಪರಿಚಯವಿಲ್ಲದ್ದರಿಂದ ಆದದ್ದು, ಮೂರನೇ ಸಲಕ್ಕೆ ಕಡಿಮೆಯಾಗುತ್ತಾ ಬರುತ್ತದೆ. ತಪ್ಪುಗಳೆಲ್ಲ ಒಂದೇ ಬಗೆಯ ನೋಟಿನ ಮೇಲೆ, ಒಂದೇ ಬಗೆಯ ತಿರುವಿನಲ್ಲಿ ಗುಂಪುಗೂಡಿದ್ದರೆ, ಮೂರನೇ ಸಲವೂ ಅಲ್ಲೇ ಬಿದ್ದರೆ, ಕೈಗೆ ಗೊತ್ತಿಲ್ಲದ ಕೆಲಸವೊಂದು ಅಲ್ಲಿದೆ ಎಂದರ್ಥ.

ತೈವಾನಿನ ರೇಯಾರ್ಕ್ ಮಾಡಿದ ಸೈಟಸ್ ಇದಕ್ಕೆ ಒಳ್ಳೆಯ ಜೋಡಿ. ಮೊದಲನೆಯದು 2012ರದು, ಎರಡನೆಯದು 2018ರದು. ಎರಡರಲ್ಲೂ ಪರದೆಯ ಮೇಲೆ ಗೆರೆಯೊಂದು ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ, ಅದು ನೋಟನ್ನು ದಾಟುವ ಕ್ಷಣಕ್ಕೆ ಮುಟ್ಟಬೇಕು. ಚಿತ್ರ ನೋಡಿದರೆ ಅದೇ ಆಟ. ಆದರೆ ಎರಡನೆಯದರಲ್ಲಿ ಹಾಡಿನ ನಡುವೆಯೇ ಗೆರೆಯ ವೇಗ ಬದಲಾಗುತ್ತದೆ, ಬದಿಗೆ ಸರಕ್ಕನೆ ತಳ್ಳುವ ಫ್ಲಿಕ್ ನೋಟುಗಳೂ ಸೇರಿವೆ. ಮೊದಲನೆಯದರಲ್ಲಿ ಪಳಗಿದವರ ತಪ್ಪುಗಳು ಈ ಎರಡೇ ಕಡೆ ಗುಂಪುಗೂಡುತ್ತವೆ. ಗೆರೆ ಒಂದೇ ವೇಗದಲ್ಲಿ ಬರುತ್ತದೆ ಎಂದು ಕಣ್ಣು ನಂಬಿಕೊಂಡಿರುತ್ತದೆ, ಆ ನಂಬಿಕೆಯನ್ನು ಬಿಡಿಸಲು ದಿನಗಳು ಹಿಡಿಯುತ್ತವೆ. ಸೈಟಸ್ 2 ಹೊಸ ಆಟ ಎನ್ನಲು ಅದರ ಕಥೆ, ಪಾತ್ರಗಳು ಬೇಕಾಗಿಯೇ ಇಲ್ಲ.

ಮೇಲುನೋಟಕ್ಕೆ ಹೊಸದೆನ್ನಿಸಿ ಮೋಸ ಮಾಡುವವೂ ಇವೆ. 2008ರ ಡಿಡಿಆರ್ ಎಕ್ಸ್‌ನಲ್ಲಿ ಕಷ್ಟದ ಅಳತೆ 10ರಿಂದ 20ಕ್ಕೆ ಏರಿತು. ಹಳೆಯ ಚಾರ್ಟುಗಳಿಗೆ ದೊಡ್ಡ ಸಂಖ್ಯೆ ಬಂತು, ತುಳಿಯುವ ಬಾಣ ಒಂದೂ ಹೆಚ್ಚಲಿಲ್ಲ. ಆದರೆ ಅದೇ ಆವೃತ್ತಿಯಲ್ಲಿ ತುಳಿಯಲೇಬಾರದ ಶಾಕ್ ಬಾಣವೂ ಬಂತು, ಹೊಸತನ ಇದ್ದದ್ದು ಅಲ್ಲಿ. ನಿಂಟೆಂಡೊದ ರಿದಂ ಹೆವನ್ ಮೆಗಾಮಿಕ್ಸ್ (2015) ಬಹುಪಾಲು ಹಿಂದಿನ ಭಾಗಗಳ ಕಿರುಆಟಗಳ ಸಂತೆ, ಅದನ್ನು ಹಾಗೆಂದೇ ತಿಳಿದು ಕೊಂಡರೆ ಬೇಸರವಿಲ್ಲ. ಮುಳ್ಳುಗಳನ್ನು ಜಿಗಿದು ದಾಟುವ ಜಾಮೆಟ್ರಿ ಡ್ಯಾಶನ್ನು ರಿದಂ ಗೇಮುಗಳ ಸಾಲಿಗೆ ಸೇರಿಸುವವರಿದ್ದಾರೆ. ಅದರಲ್ಲಿ ಹಾಡಿಗೆ ತಕ್ಕಂತೆ ಮುಳ್ಳು ಬಂದರೂ ಆಟ ಅಳೆಯುವುದು ಮುಳ್ಳು ತಾಗಿತೋ ಇಲ್ಲವೋ ಎಂಬುದನ್ನು, ಹಾಡಿಗೂ ಒತ್ತುವುದಕ್ಕೂ ನಡುವಿನ ಅಂತರವನ್ನಲ್ಲ.

ಈಚೆಗೆ ಸೀಕ್ವೆಲ್ ಎಂಬುದೇ ಕಡಿಮೆಯಾಗುತ್ತಿದೆ. ವಿಆರ್ ಕನ್ನಡಕ ಹಾಕಿಕೊಂಡು ಕೈ ಬೀಸಿ ನೋಟು ಕತ್ತರಿಸುವ ಬೀಟ್ ಸೇಬರ್ 2018ರ ಮೇನಲ್ಲಿ ಬಂದು, ಮರುವರ್ಷ ಪೂರ್ತಿಯಾಗಿ ಬಿಡುಗಡೆಯಾದರೂ ಎರಡನೇ ಭಾಗ ಮಾಡದೆ ಹಾಡಿನ ಕಟ್ಟುಗಳನ್ನೇ ಮಾರುತ್ತಾ ಬಂತು. ಆದರೆ 2022ರ ಒಂದು ಅಪ್ಡೇಟಿನಲ್ಲಿ ಬಿಲ್ಲಿನಂತೆ ಬಾಗಿದ ನೋಟನ್ನೂ ಸರಪಳಿ ನೋಟನ್ನೂ ಸೇರಿಸಿತು. ದುಡ್ಡು ಕೊಟ್ಟ ಕಟ್ಟುಗಳಲ್ಲಿ ಬೆರಳಿಗೆ, ಅಲ್ಲಲ್ಲ, ಮುಂಗೈಗೆ ಹೊಸದಿರಲಿಲ್ಲ. ಪುಕ್ಕಟೆ ಬಂದ ಅಪ್ಡೇಟಿನಲ್ಲಿ ಇತ್ತು. ಪರದೆಯ ಮೇಲಿನವರನ್ನು ನೋಡಿ ಕುಣಿಯುವ ಜಸ್ಟ್ ಡ್ಯಾನ್ಸ್ 2009ರಿಂದ ವರ್ಷಕ್ಕೊಂದು ಡಿಸ್ಕು ಮಾರಿ, 2023ರ ಆವೃತ್ತಿಯಿಂದ ಒಂದೇ ವೇದಿಕೆಯ ಮೇಲೆ ವರ್ಷವರ್ಷದ ಹಾಡು ಪೇರಿಸತೊಡಗಿತು. ಇದು ಪ್ರಾಮಾಣಿಕ ದಾರಿ. ಹಾಡಿನ ಕಟ್ಟನ್ನು ಹಾಡಿನ ಕಟ್ಟು ಎಂದೇ ಕರೆದು ಮಾರಿದರೆ ಬಳ್ಳಾರಿಯ ದೂರಿಗೆ ಜಾಗವಿರುವುದಿಲ್ಲ.

ಕೊಳ್ಳುವವರು ನೋಡಬೇಕಾದ್ದು ಇನ್ನೊಂದಿದೆ. 2015ರ ಗಿಟಾರ್ ಹೀರೋ ಲೈವ್ ಒಂದೇ ಸಾಲಿನ ಐದು ಬಟನ್ ಬಿಟ್ಟು, ಮೂರರಂತೆ ಎರಡು ಸಾಲಿಗೆ ಆರು ಬಟನ್ ಇಟ್ಟಿತು. ಹಳೆಯ ಗಿಟಾರ್ ಅದಕ್ಕೆ ನಡೆಯುತ್ತಿರಲಿಲ್ಲ, ಹಳೆಯ ಬೆರಳೂ ನಡೆಯುತ್ತಿರಲಿಲ್ಲ. ಸರಣಿಯಲ್ಲಿ ಎಲ್ಲಕ್ಕಿಂತ ಹೊಸ ಆಟ ಅದೇ. ಆದರೆ ಡಿಸ್ಕಿನಲ್ಲಿ ಇದ್ದದ್ದು 42 ಹಾಡು. ಉಳಿದ ನೂರಾರು ಹಾಡು ಸರ್ವರಿನಿಂದ ಹರಿದು ಬರುತ್ತಿದ್ದವು, 2018ರ ಡಿಸೆಂಬರಿನಲ್ಲಿ ಸರ್ವರ್ ಮುಚ್ಚಿದಾಗ ಅವೆಲ್ಲ ಹೋದವು. ಫೋನಿನ ಆಟಗಳಲ್ಲೂ ಇದೇ ಅಪಾಯ. ದುಡ್ಡು ಕೊಡುವ ಮುಂಚೆ ಒಂದೆರಡು ಉಚಿತ ಹಾಡು ಇಳಿಸಿಕೊಂಡು, ಆಟ ಪೂರ್ತಿ ಮುಚ್ಚಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಮತ್ತೆ ತೆರೆಯಿರಿ. ಹಾಡು ಶುರುವಾದರೆ ಅದು ನಿಮ್ಮ ಫೋನಿನಲ್ಲಿದೆ. ಲಾಗಿನ್ ಕೇಳಿ ನಿಂತುಬಿಟ್ಟರೆ, ಸರ್ವರ್ ನಡೆಯುವಷ್ಟು ದಿನಕ್ಕೆ ಮಾತ್ರ ದುಡ್ಡು ಕೊಡುತ್ತಿದ್ದೀರಿ ಎಂದು ಲೆಕ್ಕ ಹಾಕಿಕೊಳ್ಳಿ.